ಎಂಜಿನ್ ಬಿಚ್ಚುವ ಮೊದಲು ಟ್ರೇಲರ್ ಕಳಚಿ ನೋಡಿ

ಒಂಟಿಯಾಗಿ ಹೋಗುವಾಗ ಯಾವ ತಕರಾರೂ ಮಾಡದ ಗಾಡಿ, ಹಿಂದೆ ಮಲಗಿ ಉಳಿಯಬಹುದಾದ ಚಿಕ್ಕದೊಂದು ಕ್ಯಾಂಪರ್ ಟ್ರೇಲರ್ ಕಟ್ಟಿದ ಕೂಡಲೇ ಏರಿನಲ್ಲಿ ಸೋತುಬಿಡುತ್ತದೆ ಎಂಬ ದೂರು ಹೊತ್ತು ಗ್ಯಾರೇಜಿಗೆ ಬರುವವರು ಸಾಮಾನ್ಯವಾಗಿ ತೀರ್ಮಾನವನ್ನೂ ಜೊತೆಗೇ ತಂದಿರುತ್ತಾರೆ: "ಎಂಜಿನ್‌ದಾಗ ದಮ್ ಉಳದಿಲ್ರಿ." ಕ್ಯಾಂಪರ್ ಎಳೆದುಕೊಂಡು ಚಿಂಚೋಳಿಯ ಕಾಡಿಗೋ ಬೀದರ್ ಕೋಟೆಯ ಕಡೆಗೋ ಹೋಗುವವರು ಕಲಬುರಗಿಯಲ್ಲಿ ಇನ್ನೂ ಅಪರೂಪವೇ, ಆದರೆ ಜಾತ್ರೆಗೆ ಹೋಗುವ ತಿಂಡಿ ಅಂಗಡಿಯ ಟ್ರೇಲರ್, ಮದುವೆ ಮನೆಗೆ ಹೋಗುವ ಜನರೇಟರ್ ಟ್ರೇಲರ್ ಎಳೆಯುವವರ ದೂರೂ ಇದೇ ಆಗಿರುವುದರಿಂದ ಇಲ್ಲಿ ಬರೆಯುವ ಮಾತು ಅವರಿಗೂ ಸಲ್ಲುತ್ತದೆ. ಟ್ರೇಲರ್ ಎಂಬುದು ಗಾಡಿಯಲ್ಲಿ ಹೊಸ ದೋಷ ಹುಟ್ಟಿಸುವುದಕ್ಕಿಂತ, ಅದುವರೆಗೆ ಗಾಡಿ ಮುಚ್ಚಿಟ್ಟುಕೊಂಡಿದ್ದ ದೌರ್ಬಲ್ಯವನ್ನು ಬಯಲಿಗೆಳೆಯುವುದೇ ಹೆಚ್ಚು. ಅದೂ ಅಲ್ಲದಿದ್ದರೆ ದೋಷ ಟ್ರೇಲರಿನ ಚಕ್ರದಲ್ಲೇ ಕುಳಿತಿರುತ್ತದೆ. ಇವೆರಡರಲ್ಲಿ ಯಾವುದೆಂದು ಗೊತ್ತಾಗುವವರೆಗೆ ಎಂಜಿನ್ನಿಗೆ ಪಾನಾ ಹಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಹೊರೆ ಎಷ್ಟೆಂದು ತಿಳಿಯೋಣ. ಒಂದು ಟನ್ ತೂಗುವ ಟ್ರೇಲರನ್ನು ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎಳೆಯಲು, ಆ ಏರಿಗಾಗಿಯೇ ಸುಮಾರು 9 ಅಶ್ವಶಕ್ತಿ ಹೆಚ್ಚು ಬೇಕಾಗುತ್ತದೆ. ಇದು ದೊಡ್ಡ ಸಂಖ್ಯೆಯಲ್ಲ. ಜನ ಗಮನಿಸದೆ ಬಿಡುವುದು ಗಾಳಿಯ ಹೊರೆಯನ್ನು. ಕ್ಯಾಂಪರಿನ ಮುಂಗೋಡೆ ಸಾಮಾನ್ಯವಾಗಿ ಗಾಡಿಯ ಮಾಡಿಗಿಂತ ಎತ್ತರವಾಗಿ ಅಗಲವಾಗಿ ನಿಂತಿರುತ್ತದೆ, ಮತ್ತು ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 60ರಿಂದ 80ಕ್ಕೆ ವೇಗ ಹೆಚ್ಚಿಸಿದರೆ ಆ ತಡೆ ಸುಮಾರು 1.8 ಪಟ್ಟು, ಅದನ್ನು ಗೆಲ್ಲಲು ಬೇಕಾದ ಶಕ್ತಿ ಸುಮಾರು 2.4 ಪಟ್ಟು ಆಗುತ್ತದೆ. ಹೀಗಾಗಿ 60ರಲ್ಲಿ ಹಗುರವಾಗಿ ಹೋಗುವ ಗಾಡಿ 80ರಲ್ಲಿ ಏದುಸಿರು ಬಿಟ್ಟರೆ ಅದನ್ನು ಕೆಟ್ಟ ಗಾಡಿ ಎನ್ನಲಾಗದು.

ನಮ್ಮ ಹವೆಯೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿ ಬಿಸಿಲಿನಲ್ಲಿ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 6ರಷ್ಟು ತೆಳ್ಳಗಿರುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ 600 ಮೀಟರಿಗೂ ಮೇಲಿದ್ದು, ಆ ಎತ್ತರದಲ್ಲಿ ಗಾಳಿ ಇನ್ನಷ್ಟು ತೆಳುವಾಗಿರುತ್ತದೆ. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಇರುವ ಎಂಜಿನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ; ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್ ತುಂಬಿಕೊಳ್ಳಲಾರದು. ಅದರ ಮೇಲೆ ಎಸಿಯೂ ಓಡುತ್ತಿದ್ದರೆ ಕೆಲವು ಅಶ್ವಶಕ್ತಿ ಅತ್ತ ಹೋಗುತ್ತದೆ.

ಈಗ ಪರೀಕ್ಷೆ. ಕಮಲಾಪುರ, ಹುಮನಾಬಾದ್ ಮಾರ್ಗದಲ್ಲಿ ಗಾಡಿ ಸೋತ ಏರು ಯಾವುದೋ ಅದೇ ಏರಿಗೆ ಟ್ರೇಲರ್ ಕಳಚಿ, ಅದೇ ಗೇರಿನಲ್ಲಿ, ಅದೇ ವೇಗದಲ್ಲಿ, ಎಸಿ ಬಂದ್ ಮಾಡಿ ಹೋಗಬೇಕು. ನಿಂತಲ್ಲೇ ಎಕ್ಸಲೇಟರ್ ಒತ್ತಿ ಎಂಜಿನ್ ಸದ್ದು ಕೇಳುವುದು ಪರೀಕ್ಷೆಯೇ ಅಲ್ಲ, ಏಕೆಂದರೆ ಹೊರೆಯಿಲ್ಲದ ಎಂಜಿನ್ ತನ್ನ ದೋಷವನ್ನು ತೋರಿಸುವುದಿಲ್ಲ. ಬರಿಗಾಡಿಯೂ ಆ ಏರಿನಲ್ಲಿ ಪೂರ್ತಿ ಎಕ್ಸಲೇಟರ್ ಒತ್ತಿದಾಗ ಮೊದಲಿನಂತೆ ಮುನ್ನುಗ್ಗದಿದ್ದರೆ ದೋಷ ಗಾಡಿಯಲ್ಲಿದೆ. ಬರಿಗಾಡಿ ನಿರಾಯಾಸವಾಗಿ ಏರಿದರೆ ಮೊದಲು ಟ್ರೇಲರ್ ಕಡೆ ತಿರುಗಬೇಕು; ಅಲ್ಲಿ ಏನೂ ಸಿಗದಿದ್ದರೆ ಮತ್ತೆ ಗಾಡಿಗೇ ಬರಬೇಕು.

ಟ್ರೇಲರ್ ನೋಡುವ ಕೆಲಸ ಸುಲಭ, ಖರ್ಚೂ ಇಲ್ಲ. ಸಮತಟ್ಟಾದ ಗಟ್ಟಿ ನೆಲದ ಮೇಲೆ 800 ಕಿಲೋ ತೂಕದ ಟ್ರೇಲರನ್ನು ಉರುಳಿಸುತ್ತ ಹೋಗಲು ಹನ್ನೆರಡು ಕಿಲೋ ಎತ್ತುವಷ್ಟು ಬಲ ಸಾಕು. ಕದಲಿಸುವಾಗ ಸ್ವಲ್ಪ ಹೆಚ್ಚು ಬೇಕು, ಅಷ್ಟೆ. ಇಬ್ಬರು ಗಟ್ಟಿ ಆಳುಗಳು ಭುಜ ಕೊಟ್ಟರೂ ಮುಂದೆ ಸರಿಯದ ಟ್ರೇಲರಿನಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗಿದೆ, ಇಲ್ಲವೇ ಟೈರಿನಲ್ಲಿ ಗಾಳಿ ಕಡಿಮೆಯಿದೆ. ಕ್ಯಾಂಪರ್ ವರ್ಷದ ಬಹುಪಾಲು ನಿಂತೇ ಇರುವ ವಸ್ತು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿಸಿ ಹಾಗೇ ತಂದು ನಿಲ್ಲಿಸಿದರೆ ನಮ್ಮ ಎರೆ ಮಣ್ಣು ಬ್ರೇಕ್ ಡ್ರಮ್ಮಿನ ಹಿಂಬದಿಯಲ್ಲಿ, ಕೇಬಲ್ ಒಳಹೋಗುವ ಬಾಯಿಯಲ್ಲಿ ಮೆತ್ತಿಕೊಂಡು ಒಣಗುತ್ತದೆ. ಒಣಗಿದ ಮೇಲೆ ಅದು ಕಲ್ಲೇ. ಹ್ಯಾಂಡ್‌ಬ್ರೇಕ್ ಲಿವರ್ ಕೆಳಗಿಳಿಸಿದರೂ ಕೇಬಲ್ ಹಿಂದಕ್ಕೆ ಸರಿಯುವುದಿಲ್ಲ, ಲೈನರ್ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ, ಚಾಲಕನಿಗೆ ಕಾಣುವುದು ಮಾತ್ರ 'ಪಿಕಪ್ ಇಲ್ಲದ' ಗಾಡಿ. ಜಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಯಾವ ಕಡೆ ಹಿಡಿದಿದೆ ಎಂಬುದು ತಿಳಿಯುತ್ತದೆ.

ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಜೋರಾಗಿ ಒತ್ತದೆ ನಿಧಾನಕ್ಕೆ ನಿಲ್ಲಿಸಿ, ಎರಡೂ ಕಡೆಯ ಚಕ್ರದ ಮಧ್ಯಭಾಗವಾದ ಹಬ್‌ಗಳ ಹತ್ತಿರ ಅಂಗೈ ಹಿಂಬದಿಯನ್ನು ಹಿಡಿದು ನೋಡುವುದೂ ಒಳ್ಳೆಯದು. ಮುಟ್ಟಬಾರದು; ಹಿಡಿದುಕೊಂಡ ಡ್ರಮ್ ಕೈ ಸುಡುವಷ್ಟು ಕಾದಿರುತ್ತದೆ. ಎರಡೂ ಸ್ವಲ್ಪ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಬೆಚ್ಚಗಿದ್ದು ಇನ್ನೊಂದು ಕಾವು ಹೊಡೆಯುತ್ತಿದ್ದರೆ ಮುಂದಕ್ಕೆ ಹೋಗಕೂಡದು, ಏಕೆಂದರೆ ಗ್ರೀಸ್ ಕರಗಿ ಹೋದ ಬೇರಿಂಗ್ ಚಕ್ರವನ್ನೇ ಕಳಚಿ ಬೀಳಿಸಬಲ್ಲದು.

ದೋಷ ಗಾಡಿಯದೇ ಎಂದಾದರೆ ಎಂಜಿನ್ ಸುತ್ತಿನ ಮುಳ್ಳು ಮತ್ತು ವೇಗದ ಮುಳ್ಳು ಎರಡನ್ನೂ ಒಟ್ಟಿಗೆ ನೋಡಬೇಕು. ಎಂಜಿನ್ ಸುತ್ತು ಏರುತ್ತಿದ್ದು ವೇಗ ಏರದಿದ್ದರೆ, ಜೊತೆಗೆ ಸುಟ್ಟ ವಾಸನೆಯೂ ಬಂದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅಲ್ಲಿಗೆ ಹುಡುಕಾಟ ಮುಗಿಯಿತು. ಎರಡೂ ಏರದೆ, ಹೊಗೆ ಕಪ್ಪಗೆ ಬರುತ್ತಿದ್ದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ. ಎರಡೂ ಏರದೆ ಹೊಗೆಯೂ ಇಲ್ಲದಿದ್ದರೆ ಡೀಸೆಲ್ ಸಾಲುತ್ತಿಲ್ಲ, ಇಲ್ಲವೇ ಗಾಡಿಯ ಕಂಪ್ಯೂಟರ್ ತಾನಾಗಿಯೇ ಶಕ್ತಿಗೆ ಕಡಿವಾಣ ಹಾಕಿದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ಮಾಲಿನ್ಯ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುವುದರಿಂದ, ಗಾಳಿ ಎಷ್ಟೇ ಕೊರತೆಯಾದರೂ ಕಪ್ಪು ಹೊಗೆ ಹೊರಗೆ ಕಾಣುವುದಿಲ್ಲ. ಹೊಗೆ ನೋಡಿ ರೋಗ ಹೇಳುವ ಹಳೆಯ ಅಭ್ಯಾಸ ಈ ಗಾಡಿಗಳಲ್ಲಿ ದಾರಿ ತಪ್ಪಿಸುತ್ತದೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಜೋಡಿಸಿ, ಟ್ರೇಲರ್ ಕಟ್ಟಿಕೊಂಡೇ ಏರು ಹತ್ತಿಸಿ, ಕಂಪ್ಯೂಟರ್ ಕೇಳಿದ ಟರ್ಬೊ ಒತ್ತಡವೆಷ್ಟು ಸಿಕ್ಕಿದ್ದೆಷ್ಟು, ಕೇಳಿದ ಡೀಸೆಲ್ ಒತ್ತಡವೆಷ್ಟು ಸಿಕ್ಕಿದ್ದೆಷ್ಟು ಎಂಬ ನಾಲ್ಕು ಅಂಕಿಗಳನ್ನು ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಓದಬೇಕು. ಈ ನಾಲ್ಕು ಅಂಕಿ ಕೈಯಲ್ಲಿದ್ದರೆ ಊಹೆಗೆ ಕೆಲಸವೇ ಇಲ್ಲ.

ಇತ್ತೀಚೆಗೆ ಬಂದ ಒಂದು ಡೀಸೆಲ್ ಗಾಡಿಯ ಮಾಲೀಕರು ಬೇರೊಂದು ಕಡೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನೆಲ್ಲ ಬಿಚ್ಚಿಸಿ ತೊಳೆಸಿ, ದುಡ್ಡು ಸುರಿದು ಬಂದಿದ್ದರು. "ಖಾಲಿ ಗಾಡಿ ಛಲೋ ಓಡ್ತದ್ರಿ, ಹಿಂದ ಟ್ರೇಲರ್ ಹಚ್ಚಿದ್ರ ಕಮಲಾಪುರ ದಾಟೂದರಾಗ ಉಸಿರು ಕಟ್ಟಿದಂಗ ಮಾಡ್ತದ" ಎಂಬುದು ಅವರ ಮಾತು. ಡೀಸೆಲ್ ಒತ್ತಡ ಕೇಳಿದಷ್ಟೂ ಸಿಗುತ್ತಿತ್ತು. ಟರ್ಬೊ ಒತ್ತಡ ಮಾತ್ರ ಏರಿನಲ್ಲಿ ಬಹಳ ಹಿಂದೆ ಬೀಳುತ್ತಿತ್ತು. ಟರ್ಬೊದಿಂದ, ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಕೆಳಮೈಯಲ್ಲಿ, ಕ್ಲಿಪ್ಪಿಗೆ ತಾಗಿ, ಉಗುರಿನಷ್ಟು ಉದ್ದದ ಸೀಳು ಇತ್ತು. ಕೈಯಿಂದ ಒತ್ತದಿದ್ದರೆ ಅದು ಬಾಯಿ ತೆರೆಯುತ್ತಿರಲಿಲ್ಲ. ಸುಳಿವು ಕೊಟ್ಟಿದ್ದು ಆ ಜಾಗದ ಸುತ್ತ ಎಣ್ಣೆ ಜಿಡ್ಡಿಗೆ ಅಂಟಿದ್ದ ಬೂದುಬಣ್ಣದ ಧೂಳು. ಖಾಲಿ ಗಾಡಿಗೆ ಟರ್ಬೊದ ಪೂರ್ಣ ಒತ್ತಡ ಬೇಕಾಗುವುದೇ ಅಪರೂಪವಾದ್ದರಿಂದ ಸೀಳು ತೆರೆಯುತ್ತಿರಲಿಲ್ಲ, ದೋಷವೂ ಕಾಣುತ್ತಿರಲಿಲ್ಲ. ಪೈಪ್ ಬದಲಾಯಿಸಿದ ಮೇಲೆ ಅದೇ ಟ್ರೇಲರನ್ನು ಅದೇ ಏರಿನಲ್ಲಿ ಗಾಡಿ ತಡವರಿಸದೆ ಎಳೆಯಿತು.

ಧೂಳಿನ ಮಾತು ಬಂದಿದ್ದರಿಂದ ಏರ್ ಫಿಲ್ಟರ್ ಬಗ್ಗೆಯೂ ಹೇಳಬೇಕು. ವಾಡಿ, ಶಹಾಬಾದ್, ಸೇಡಂ ಕಡೆ ದಿನವೂ ಓಡುವ ಗಾಡಿಗಳಲ್ಲಿ ಸುಣ್ಣದ ಕಲ್ಲಿನ ನುಣುಪು ಧೂಳು, ತೊಗರಿ ರಾಶಿಯ ಕಾಲಕ್ಕೆ ಹೊಟ್ಟಿನ ಪುಡಿ ಫಿಲ್ಟರಿನ ಮಡಿಕೆಗಳಲ್ಲಿ ತುಂಬಿಕೊಳ್ಳುತ್ತದೆ. ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಸಾಧಾರಣ ರಸ್ತೆಯದು. ಧೂಳು ಮತ್ತು ಟ್ರೇಲರ್ ಎರಡೂ ಇರುವಲ್ಲಿ ಅದರ ಅರ್ಧಕ್ಕೇ ಬದಲಾಯಿಸುವಂತೆ ನಾನು ಹೇಳುತ್ತೇನೆ. ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಮತ್ತೆ ಅದೇ ಫಿಲ್ಟರ್ ಹಾಕುವುದು ಉಳಿತಾಯವಲ್ಲ: ಜೋರು ಗಾಳಿಗೆ ಕಾಗದ ಸೂಕ್ಷ್ಮವಾಗಿ ಹರಿದು, ಧೂಳು ನೇರವಾಗಿ ಟರ್ಬೊಗೆ ಹೋಗುತ್ತದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಬಿಡುವುದನ್ನೂ ಮರೆಯಬಾರದು.

ಹೊರಟಾಗ ಸರಿಯಿದ್ದು ಅರ್ಧ ಗಂಟೆಯ ನಂತರ ಸೋಲುವ ಗಾಡಿಯದು ಬೇರೆ ಬಗೆಯ ರೋಗ, ಅದು ಕಾವಿನದು. ಎಂಜಿನ್ ನೀರು ಮಿತಿ ಮೀರಿ ಕಾದರೆ ಕಂಪ್ಯೂಟರ್ ಡೀಸೆಲ್ ಕಡಿಮೆ ಮಾಡಿ ಎಂಜಿನ್ನನ್ನು ಕಾಪಾಡಿಕೊಳ್ಳುತ್ತದೆ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವೆ ಕಸ, ಹುಳು, ಮಣ್ಣು ಸೇರಿದ್ದರೆ ಬರಿಗಾಡಿಗೆ ಸಾಲುತ್ತಿದ್ದ ತಂಪು ಟ್ರೇಲರಿಗೆ ಸಾಲುವುದಿಲ್ಲ. ಡಿಪಿಎಫ್ ಕೂಡ ಇದೇ ಸಾಲಿಗೆ ಸೇರುತ್ತದೆ. ಅದರಲ್ಲಿ ತುಂಬಿದ ಮಸಿಯನ್ನು ಗಾಡಿ ಸುಮಾರು 600 ಡಿಗ್ರಿ ಕಾವಿನಲ್ಲಿ ತಾನೇ ಸುಟ್ಟುಕೊಳ್ಳಬೇಕು; ಊರೊಳಗೆ ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಗೆ ಆ ಕಾವು ಬರುವುದೇ ಇಲ್ಲ. ವಾರವಿಡೀ ಸೂಪರ್ ಮಾರ್ಕೆಟ್, ರೈಲ್ವೆ ಸ್ಟೇಷನ್ ಸುತ್ತಿದ ಗಾಡಿಗೆ ಭಾನುವಾರ ಟ್ರೇಲರ್ ಕಟ್ಟುವ ಮೊದಲು ಒಂದರ್ಧ ಗಂಟೆ ಹೆದ್ದಾರಿಯಲ್ಲಿ ಖಾಲಿ ಓಡಿಸುವುದು ಒಳ್ಳೆಯದು. ಡಿಪಿಎಫ್ ದೀಪ ಹೊತ್ತಿದ್ದರೆ ಕೈಪಿಡಿ ಹೇಳಿದಂತೆ ಅದನ್ನು ತೀರಿಸಿಕೊಂಡೇ ಹೊರಡಬೇಕು.

ಎಲ್ಲ ಸರಿಯಿದ್ದೂ ಗಾಡಿ ಎಳೆಯದಿರುವುದಕ್ಕೆ ಗೇರ್ ಕೂಡ ಕಾರಣವಾಗಬಹುದು. ಸಣ್ಣ ಟರ್ಬೊ ಡೀಸೆಲ್ ಎಂಜಿನ್ 1,500 ಸುತ್ತಿನ ಕೆಳಗೆ ಬಹುಮಟ್ಟಿಗೆ ನಿಶ್ಶಕ್ತ. ಡೀಸೆಲ್ ಉಳಿಯುತ್ತದೆಂದು ಐದನೇ ಗೇರಿನಲ್ಲೇ ಏರು ಹತ್ತಿಸಿ, ಎಕ್ಸಲೇಟರ್ ಪೂರ್ತಿ ಒತ್ತಿದರೆ ಉಳಿತಾಯವೂ ಇಲ್ಲ, ಎಂಜಿನ್ನಿಗೆ ಒಳ್ಳೆಯದೂ ಅಲ್ಲ. ಏರು ಶುರುವಾಗುವ ಮೊದಲೇ ಮೂರಕ್ಕೋ ನಾಲ್ಕಕ್ಕೋ ಇಳಿಸಿ, 2,000 ಸುತ್ತಿನ ಆಸುಪಾಸಿನಲ್ಲಿ ಎಂಜಿನ್ ಓಡಿಸಬೇಕು.

ಇನ್ನು ತೂಕ. ಟ್ರೇಲರ್ ಕೊಟ್ಟವರು ಹೇಳಿದ ತೂಕ ಖಾಲಿ ಟ್ರೇಲರಿನದು. ಅದಕ್ಕೆ ನೂರು ಲೀಟರ್ ನೀರು ಎಂದರೆ ನೂರು ಕಿಲೋ, ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಾಸಿಗೆ, ಪಾತ್ರೆ ಸೇರುತ್ತವೆ. ಬೇಳೆ ಗಿರಣಿಗಳ ಊರಾದ ಕಲಬುರಗಿಯಲ್ಲಿ ಗಾಡಿ ತೂಗುವ ಧರ್ಮಕಾಟಾ ಹುಡುಕುವುದು ಕಷ್ಟವಲ್ಲ. ಪ್ರಯಾಣಕ್ಕೆ ತುಂಬಿದ ಸ್ಥಿತಿಯಲ್ಲೇ ಟ್ರೇಲರ್ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಟ್ರೇಲರ್ ಸಿಕ್ಕಿಸುವ ಕೊಕ್ಕೆಯಾದ ಹಿಚ್ ಮೇಲೆ ಬೀಳುವ ಭಾರವನ್ನು ಚೀಲ ತೂಗುವ ತಟ್ಟೆಕಾಟಾದ ಮೇಲೆ ಟ್ರೇಲರಿನ ಮೂತಿಯನ್ನು ಮಟ್ಟಸವಾಗಿ ಇಟ್ಟು ನೋಡಬಹುದು. ಅದು ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಇದ್ದರೆ ಸರಿ, ಗಾಡಿಯ ಹಿಚ್‌ಗೆ ಹೇಳಿರುವ ಮಿತಿಯನ್ನಂತೂ ಮೀರಬಾರದು. ಗಾಡಿಯ ಹಿಂಬದಿ ಕುಸಿಯಿತೆಂದು ಸಾಮಾನನ್ನೆಲ್ಲ ಟ್ರೇಲರಿನ ಹಿಂದಕ್ಕೆ ಸರಿಸುವವರಿದ್ದಾರೆ. ಆಗ ಮೂತಿ ಹಗುರಾಗಿ ಟ್ರೇಲರ್ ವೇಗದಲ್ಲಿ ಬಾಲ ಬೀಸತೊಡಗುತ್ತದೆ, ಅದು ನಿಧಾನ ಗಾಡಿಗಿಂತ ಎಷ್ಟೋ ಪಾಲು ಅಪಾಯಕಾರಿ.

ಧರ್ಮಕಾಟಾದ ಚೀಟಿಯನ್ನು ಗಾಡಿಯ ಕೈಪಿಡಿಯ ಪಕ್ಕದಲ್ಲಿಟ್ಟು ಓದಬೇಕು. ನಮ್ಮಲ್ಲಿ ಮಾರಾಟವಾಗುವ ಹಲವು ಸಣ್ಣ ಕಾರುಗಳ ಕೈಪಿಡಿಗಳು ಟ್ರೇಲರ್ ಎಳೆಯಲು ಒಪ್ಪಿಗೆಯನ್ನೇ ಕೊಡುವುದಿಲ್ಲ. ಒಪ್ಪಿದವುಗಳಲ್ಲಿ ಬ್ರೇಕ್ ಇರುವ ಟ್ರೇಲರಿಗೊಂದು, ಇಲ್ಲದ್ದಕ್ಕೊಂದು ಮಿತಿ ಇರುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ ಆದ್ದರಿಂದ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿದ ಕ್ಯಾಂಪರಿಗೂ ಈ ಮಾತು ಅನ್ವಯಿಸುತ್ತದೆ. ತೂಕ ಮಿತಿಯೊಳಗಿದ್ದು, ಚಕ್ರಗಳು ಸಲೀಸಾಗಿ ಉರುಳುತ್ತಿದ್ದು, ಸ್ಕ್ಯಾನರಿನ ನಾಲ್ಕು ಅಂಕಿಗಳು ತಾಳೆಯಾದ ಮೇಲೂ ಏರಿನಲ್ಲಿ ವೇಗ 50ಕ್ಕೆ ಇಳಿದರೆ ಆ ಗಾಡಿಯಲ್ಲಿ ರಿಪೇರಿ ಮಾಡಲು ಏನೂ ಇಲ್ಲ: ಎಡಗಡೆಯ ಸಾಲು ಹಿಡಿದು, 2,000 ಸುತ್ತಿನ ಆಸುಪಾಸು ಉಳಿಯುವ ಗೇರಿನಲ್ಲಿ 50ರಲ್ಲೇ ಏರಬೇಕು, ನೀರಿನ ಟ್ಯಾಂಕನ್ನು ಕಲಬುರಗಿಯಲ್ಲಿ ತುಂಬಿಸುವ ಬದಲು ಬೀದರ್ ಮುಟ್ಟಿದ ಮೇಲೆ ತುಂಬಿಸಿಕೊಳ್ಳಬೇಕು.