ಹತ್ತಿಯ ಕವಚ ಕತ್ತಿಯ ಏಟನ್ನು ತಡೆಯುತ್ತಿತ್ತೇ?

ಓದುಗರ ಪ್ರಶ್ನೆ: ವಿಜಯನಗರದ ಸೈನಿಕರು ಬಟ್ಟೆ, ಹತ್ತಿ, ತೊಗಲಿನ ಕವಚ ತೊಡುತ್ತಿದ್ದರು ಎನ್ನುತ್ತಾರೆ. ಕತ್ತಿ, ಬಾಣ, ಕೋವಿಗಳ ಎದುರು ಅದು ನಿಜಕ್ಕೂ ನಿಲ್ಲುತ್ತಿತ್ತೇ? 1520ರ ರಾಯಚೂರು ಯುದ್ಧದಲ್ಲಿ ಅದರಿಂದ ಉಪಯೋಗವಾಯಿತೇ?

ಉತ್ತರ: ಬೀಸಿದ ಕತ್ತಿಗೆ ಚೆನ್ನಾಗಿಯೇ ನಿಲ್ಲುತ್ತಿತ್ತು, ದೂರದಿಂದ ಬಂದ ಬಾಣಕ್ಕೂ ಬಹುಮಟ್ಟಿಗೆ ನಿಲ್ಲುತ್ತಿತ್ತು. ತಿವಿದ ಈಟಿಗೆ ಅರೆಬರೆ. ಗುಂಡಿಗೆ ಇಲ್ಲವೇ ಇಲ್ಲ.

ಕಾರಣ ಹೊಲಿಗೆಯಲ್ಲಿದೆ. ನಮ್ಮ ಕಡೆಯ ಕೌದಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ: ಪದರದ ಮೇಲೆ ಪದರ, ಒತ್ತೊತ್ತಾಗಿ ಹೊಲಿಗೆ. ಕತ್ತಿ ಕೊಯ್ಯಬೇಕಾದರೆ ಅಲಗು ಬಟ್ಟೆಯ ಮೇಲೆ ಜಾರಿ ಹೋಗಬೇಕು. ಪದರಗಳು ಒಳಗೆ ಕುಸಿದು ಏಟನ್ನು ಹಂಚಿಕೊಳ್ಳುತ್ತವೆ, ಅಲಗು ಮೇಲಿನ ಕೆಲವು ಪದರ ಸೀಳುವಷ್ಟರಲ್ಲಿ ಬಿರುಸು ಕಳೆದುಕೊಳ್ಳುತ್ತದೆ. ಚರ್ಮ ಉಳಿಯುತ್ತದೆ, ಎಲುಬು ಮುರಿಯಲೂಬಹುದು. ಚೂಪು ಮೊನೆಯ ಕೆಲಸವೇ ಬೇರೆ. ಅದು ನೂಲುಗಳನ್ನು ಕತ್ತರಿಸುವುದಿಲ್ಲ, ಸರಿಸಿಕೊಂಡು ಒಳಗಿಳಿಯುತ್ತದೆ. ತಿವಿಯಲೆಂದೇ ಮಾಡಿದ ಗಿಡ್ಡ ಆಯುಧ ಕಠಾರಿಯ ಹಿಡಿ ಮುಷ್ಟಿಯಲ್ಲಿ ಅಡ್ಡಲಾಗಿ ಕೂರುವುದರಿಂದ ಇಡೀ ತೋಳಿನ ಬಲ ನೇರ ಮೊನೆಗೇ ಹೋಗುತ್ತದೆ.

ಎಷ್ಟು ಪದರ ಬೇಕು ಎಂಬುದಕ್ಕೆ ಹೊರಗಿನ ಒಂದು ಅಳತೆ ಸಿಗುತ್ತದೆ. ಹದಿನೈದನೇ ಶತಮಾನದ ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿಯ ಆಜ್ಞೆಯಲ್ಲಿ 25ರಿಂದ 30 ಪದರ ಬಟ್ಟೆ, ಜೊತೆಗೆ ಒಂದು ಜಿಂಕೆ ಚರ್ಮ ಎಂದಿದೆ. ಬಟ್ಟೆಯ ಕವಚ ಬಡವರ ತೇಪೆ ಕೆಲಸ ಎಂದು ತಿಳಿಯಬೇಡಿ. ವಿಜಯನಗರದ ಸೇನಾ ಪ್ರದರ್ಶನ ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್, ಕುದುರೆ ಸವಾರರ ಅಂಗಿಗಳು ಹಸಿ ತೊಗಲಿನ ಪದರಗಳಿಂದಾಗಿದ್ದವು, ಅವುಗಳಿಗೆ ಕಬ್ಬಿಣದ ತಗಡು ಸೇರಿಸಿದ್ದರು ಎಂದು ಬರೆದಿದ್ದಾನೆ. ತಲೆಗೆ ಕುತ್ತಿಗೆ ಮುಚ್ಚುವ ಶಿರಸ್ತ್ರಾಣ, ಮುಖಕ್ಕೂ ರಕ್ಷಣೆ. ಮೆತ್ತನೆಯದು ಏಟು ನುಂಗಲಿ, ತಗಡು ಮೊನೆ ತಡೆಯಲಿ ಎಂಬ ಜೋಡಣೆ ಇದು. ನನ್ನ ಮಟ್ಟಿಗೆ ಈ ಸೀಮೆಗೆ ಇದೇ ಸರಿಯಾದ ಕವಚ. ಕಬ್ಬಿಣದ ಉಂಗುರಗಳ ಅಂಗಿಯೊಂದೇ ಸುಮಾರು 10 ಕಿಲೋ ತೂಗುತ್ತದೆ, ಅದರ ಒಳಗೂ ದಪ್ಪ ಬಟ್ಟೆ ಬೇಕೇ ಬೇಕು. ರಾಯಚೂರಿನ ಮೇ ಬಿಸಿಲಲ್ಲಿ ಅದನ್ನು ಹೊತ್ತು ಕಾದಾಡುವುದು ಎಂಥ ಕಷ್ಟ, ಇಲ್ಲಿಯವರಿಗೆ ಹೇಳಬೇಕಿಲ್ಲ.

ಬಟ್ಟೆಯ ಕವಚ ಕೈಕೊಡುವುದು ಕಂಕುಳು, ಕುತ್ತಿಗೆ, ತೊಡೆಯ ಸಂದುಗಳಲ್ಲಿ. ಹೊಲಿಗೆ ಸಡಿಲವಾದರೆ ಒಳಗಿನ ಹತ್ತಿ ಕೆಳಗಿಳಿದು ಹೆಗಲ ಬಳಿ ಬರೀ ಬಟ್ಟೆ ಉಳಿಯುತ್ತದೆ. ಮಳೆಯಲ್ಲಿ ನೆಂದರೆ ಭಾರ.

ಈಗ ಗುಂಡು. 60 ಗ್ರಾಂ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 75 ಜೂಲ್. 15 ಗ್ರಾಂ ಸೀಸದ ಗುಂಡು 400 ಮೀಟರ್ ವೇಗದಲ್ಲಿ ಬಂದರೆ 1200 ಜೂಲ್, ಅಂದರೆ ಹದಿನಾರು ಪಟ್ಟು. ಬಟ್ಟೆ, ತೊಗಲು, ತೆಳು ತಗಡು ಯಾವುದೂ ಅದಕ್ಕೆ ಲೆಕ್ಕವಿಲ್ಲ.

ಹಾಗಾದರೆ ರಾಯಚೂರಿನಲ್ಲಿ ಅಷ್ಟೊಂದು ತೋಪುಗಳಿದ್ದ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್‌ಶಾಹ ಸೋತದ್ದೇಕೆ? ಗುಂಡಿನ ಬಲದಲ್ಲಿ ಕೊರತೆಯಿರಲಿಲ್ಲ, ಎರಡು ಗುಂಡುಗಳ ನಡುವಿನ ಹೊತ್ತಿನಲ್ಲಿತ್ತು. ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನ್ಯೂನಿಜ್‌ನ ವೃತ್ತಾಂತದಂತೆ ಆದಿಲ್‌ಶಾಹಿ ತೋಪುಗಳೆಲ್ಲ ಒಮ್ಮೆಗೇ ಸಿಡಿದವು. ವಿಜಯನಗರದ ಮುಂಪಡೆ ಚೆದುರಿತು, ಕವಚ ಅಲ್ಲಿ ಯಾರನ್ನೂ ಕಾಯಲಿಲ್ಲ. ಆದರೆ ತೋಪಿನ ಬಾಯಿ ಒರೆಸಿ, ಮದ್ದು ಸುರಿದು, ಜಡಿದು, ಗುಂಡು ಇಳಿಸಿ, ಬತ್ತಿ ಮುಟ್ಟಿಸುವ ಸಣ್ಣ ತೂತಿಗೆ (ಕಿವಿಗೆ) ಮದ್ದು ಹಾಕಿ, ಗುರಿ ಸರಿಪಡಿಸಿ ಬತ್ತಿ ಮುಟ್ಟಿಸಲು ಎಷ್ಟೋ ನಿಮಿಷ ಬೇಕು. ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಹಾರಿಸಿದ್ದರೆ ಆ ಬಿಡುವು ಸಿಗುತ್ತಿರಲಿಲ್ಲ. ಕೃಷ್ಣದೇವರಾಯ ಹಿಂದಿನ ಪಡೆಯನ್ನು ಹುರಿದುಂಬಿಸಿ ನುಗ್ಗಿಸಿದ. ಹತ್ತಿರ ಬಂದ ಮೇಲೆ ಕಾಳಗ ಕತ್ತಿ, ಈಟಿಗಳದ್ದು, ಮತ್ತೆ ಕವಚದ್ದು. ಶತ್ರು ಕೃಷ್ಣಾ ನದಿಯತ್ತ ಓಡಿದ.

ಆಮೇಲೆ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕೋವಿಗೆ ತನ್ನ ತಕ್ಕ ಕೆಲಸ ಸಿಕ್ಕಿತು. ಗೋಡೆಯ ಕಲ್ಲು ಕೀಳಲು ಹಾರೆ, ಗುದ್ದಲಿ ಹಿಡಿದು ಹೋದವರ ಮೇಲೆ ಮೇಲಿನಿಂದ ಕಲ್ಲು, ಬಾಣ ಬೀಳುತ್ತಿದ್ದವು. ಕೃಷ್ಣದೇವರಾಯನ ಪರವಾಗಿದ್ದ ಕ್ರಿಸ್ಟೊವಾವ್ ದ ಫಿಗೆರೆದೋನ ಪೋರ್ಚುಗೀಸ್ ಕೋವಿಯವರು ಕೋಟೆಗೋಡೆಯ ತೆನೆಯ ಮೇಲೆ ತಲೆ ಎತ್ತಿದವರಿಗೆ ಗುರಿಯಿಟ್ಟರು, ಮರೆ ಬಿಟ್ಟು ಮೇಲೆ ನಿಲ್ಲುವುದು ಕಾವಲಿನವರಿಗೆ ಕಷ್ಟವಾಯಿತು, ಕೆಳಗೆ ಗೋಡೆಯ ಕಲ್ಲುಗಳು ಕಳಚಿ ಬೀಳತೊಡಗಿದವು. ಕೆಳಗೇನಾಗುತ್ತಿದೆ ಎಂದು ಬಗ್ಗಿ ನೋಡಿದ ಕೋಟೆಯ ಮುಖ್ಯಸ್ಥನ ಹಣೆಗೆ ಗುಂಡು ತಗುಲಿ ಸತ್ತ, ಮರುದಿನ ಕೋಟೆ ಶರಣಾಯಿತು ಎನ್ನುತ್ತಾನೆ ನ್ಯೂನಿಜ್.