ಅಮೆರಿಕದ ಜೈಲುಗಳೆಲ್ಲ ಕಂಪನಿಗಳದ್ದಾ?

ಪ್ರಶ್ನೆ: ಅಮೆರಿಕದಲ್ಲಿ ಜೈಲುಗಳನ್ನೆಲ್ಲ ಖಾಸಗಿ ಕಂಪನಿಗಳೇ ನಡೆಸುತ್ತವಂತೆ. ಲಾಭಕ್ಕೋಸ್ಕರ ಕಪ್ಪು ಜನರನ್ನು ಹಿಡಿದು ಒಳಗೆ ತುಂಬುತ್ತಾರಂತೆ. ನಿಜವೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಯಾರೋ ಒಂದು ವಿಡಿಯೋ ನೋಡುತ್ತಾರೆ, ಕೇಳುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಇನ್ನೊಬ್ಬರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ಜಾಸ್ತಿ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಅಲ್ಲಿನ ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಕೈದಿಗಳು ಸುಮಾರು 12 ಲಕ್ಷ. ಅದರಲ್ಲಿ ಖಾಸಗಿ ಜೈಲಿನಲ್ಲಿರುವವರು 100ಕ್ಕೆ ಸುಮಾರು 8 ಮಂದಿ. ಹೌದು, ಎಂಟೇ. ಉಳಿದವರ ಕೋಣೆಗೆ ಬೀಗ ಹಾಕುವುದು ಸರ್ಕಾರಿ ಸಂಬಳದ ಕಾವಲುಗಾರ. 20ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಒಬ್ಬನೇ ಒಬ್ಬ ಕೈದಿಯನ್ನೂ ಖಾಸಗಿ ಜೈಲಿಗೆ ಕಳಿಸುವುದಿಲ್ಲ.

"ಆದರೆ ಕಪ್ಪು ಜನರೇ ಜಾಸ್ತಿ ಇದ್ದಾರಲ್ವಾ?" ಇದ್ದಾರೆ. ಅದು ಸುಳ್ಳು ಅಂತ ನಾನು ಎಲ್ಲೂ ಹೇಳಿಲ್ಲ. ಆದರೆ ಕಾರಣ ಹುಡುಕುವ ಜಾಗ ಬೇರೆ. ಇಲಿನಾಯ್ ರಾಜ್ಯವನ್ನೇ ನೋಡಿ. 1990ರಲ್ಲೇ ಖಾಸಗಿ ಜೈಲು ಬೇಡ ಅಂತ ಕಾನೂನು ಮಾಡಿದ ರಾಜ್ಯ ಅದು. ಅಲ್ಲಿನ ಜನಸಂಖ್ಯೆಯಲ್ಲಿ ಕಪ್ಪು ಜನ 100ಕ್ಕೆ ಸುಮಾರು 14. ಜೈಲಿನಲ್ಲಿ? ಅರ್ಧಕ್ಕಿಂತ ಹೆಚ್ಚು. ಕಂಪನಿಯ ನೆರಳೂ ಬೀಳದ ಜೈಲುಗಳವು.

ಖಾಸಗಿ ಜೈಲು ಬಿಡುವ ಪ್ರಯೋಗವನ್ನು ಕೇಂದ್ರ ಸರ್ಕಾರವೂ ಒಂದು ಸಲ ಮಾಡಿತು. 2021ರ ಜನವರಿಯಲ್ಲಿ ಅಧ್ಯಕ್ಷ ಬೈಡನ್, ಖಾಸಗಿ ಜೈಲಿನ ಗುತ್ತಿಗೆ ಮುಂದುವರಿಸಬೇಡಿ ಅಂತ ಆದೇಶ ಹೊರಡಿಸಿದರು. 2022ರ ಕೊನೆಗೆ ಕೇಂದ್ರದ ಕಾರಾಗೃಹ ಇಲಾಖೆ ತನ್ನ ಕೊನೆಯ ಖಾಸಗಿ ಜೈಲಿನ ಗುತ್ತಿಗೆಯನ್ನೂ ಮುಗಿಸಿತು. ಹಾಗಂತ ಅಲ್ಲಿದ್ದ ಕೈದಿಗಳಿಗೆ ಬಿಡುಗಡೆ ಸಿಗಲಿಲ್ಲ, ಸರ್ಕಾರಿ ಜೈಲಿಗೆ ವರ್ಗವಾಯಿತು ಅಷ್ಟೆ. ಕಂಪನಿಗಳೂ ಕೈಕಟ್ಟಿ ಕೂರಲಿಲ್ಲ. ಪೆನ್ಸಿಲ್ವೇನಿಯಾದ ಮೊಶಾನನ್ ವ್ಯಾಲಿಯಲ್ಲಿ ಜಿಯೋ ಗ್ರೂಪ್ ಕಂಪನಿಯ ಜೈಲು 2021ರಲ್ಲಿ ಖಾಲಿಯಾಯಿತು. ಅದೇ ವರ್ಷ ವಲಸಿಗರನ್ನು ಕೂಡಿಹಾಕುವ ಕೇಂದ್ರವಾಗಿ ಮತ್ತೆ ಬಾಗಿಲು ತೆರೆಯಿತು. ಬೈಡನ್ ಆದೇಶಕ್ಕೆ ವಲಸೆ ಇಲಾಖೆ ಸೇರಿರಲಿಲ್ಲ ನೋಡಿ. (2025ರಲ್ಲಿ ಟ್ರಂಪ್ ಬಂದು ಆ ಆದೇಶವನ್ನೇ ರದ್ದು ಮಾಡಿದರು.) ಖಾಸಗಿ ಜೈಲಿನ ಬಗ್ಗೆ ಸಿಟ್ಟು ಮಾಡಬೇಕೆಂದರೆ ವಲಸಿಗರ ಕಡೆ ನೋಡಿ. ಅಲ್ಲಿ ಬಹುಪಾಲು ಜನ ಇರುವುದು ಕಂಪನಿಗಳ ಕೈಯಲ್ಲೇ.

ಹಾಗಾದರೆ ಕಪ್ಪು ಜನರನ್ನು ಒಳಗೆ ಹಾಕಿದ್ದು ಯಾರು? ಕಾನೂನು. 1865ರಲ್ಲಿ ಗುಲಾಮಗಿರಿ ನಿಷೇಧಿಸಿದ, ಅಲ್ಲಿನ ಸಂವಿಧಾನದ 13ನೇ ತಿದ್ದುಪಡಿಯಲ್ಲೇ ಒಂದು ಕಿಂಡಿ ಬಿಟ್ಟಿದ್ದರು: ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಬಹುದು. ಆಮೇಲೆ ಕೆಲಸವಿಲ್ಲದೆ ತಿರುಗುವುದೇ ಅಪರಾಧವಾಯಿತು. ದಕ್ಷಿಣದ ರಾಜ್ಯಗಳು ಕೈದಿಗಳನ್ನು ಗಣಿಗೆ, ರೈಲು ಹಳಿ ಹಾಕುವುದಕ್ಕೆ ಬಾಡಿಗೆಗೆ ಕೊಟ್ಟವು. ಅಲಬಾಮ ಅದನ್ನು ನಿಲ್ಲಿಸಿದ್ದು 1928ರಲ್ಲಿ. ಬಾಡಿಗೆ ಎಣಿಸಿಕೊಂಡಿದ್ದು ಸರ್ಕಾರವೇ.

ಇನ್ನೂ ಹತ್ತಿರದ ಉದಾಹರಣೆ 1986ರ ಮಾದಕವಸ್ತು ಕಾಯ್ದೆ. ಪುಡಿ ಕೊಕೇನ್ 500 ಗ್ರಾಂ ಸಿಕ್ಕರೆ ಕನಿಷ್ಠ 5 ವರ್ಷ ಜೈಲು. ಅದೇ ಕೊಕೇನಿನಿಂದ ಮಾಡಿದ ಕ್ರ್ಯಾಕ್ ಆದರೆ 5 ಗ್ರಾಂ ಸಾಕು! ಕ್ರ್ಯಾಕ್ ಕೇಸಿನಲ್ಲಿ ಶಿಕ್ಷೆಯಾದವರಲ್ಲಿ ಬಹುತೇಕರು ಕಪ್ಪು ಜನ. 2010ರಲ್ಲಿ ತಿದ್ದಿದರು, ಸಮ ಮಾಡಲಿಲ್ಲ; 100ಕ್ಕೆ 1 ಇದ್ದದ್ದು 18ಕ್ಕೆ 1 ಆಯಿತು. ಖಾಸಗಿ ಜೈಲಿನ ಮೊದಲ ದೊಡ್ಡ ಕಂಪನಿ, ಈಗ ಕೋರ್‌ಸಿವಿಕ್ ಅಂತ ಹೆಸರು ಬದಲಿಸಿಕೊಂಡಿರುವುದು, ಹುಟ್ಟಿದ್ದು 1983ರಲ್ಲಿ. 1986ರಲ್ಲಿ ಅದಕ್ಕೆ ಮೂರು ವರ್ಷ. ಮೂರು ವರ್ಷದ ಕೂಸಿನ ತಲೆಗೆ ಇಷ್ಟೆಲ್ಲ ಕಟ್ಟಬೇಡಿ.

ಹಾಗಂತ ಕಂಪನಿಗಳು ಸಾಚಾ ಅಂತಲ್ಲ. ಅದೇ ಕಂಪನಿ 2012ರಲ್ಲಿ 48 ರಾಜ್ಯಗಳಿಗೆ ಪತ್ರ ಬರೆದಿತ್ತು: ನಿಮ್ಮ ಜೈಲು ನಮಗೆ ಮಾರಿ, ಆದರೆ 100ಕ್ಕೆ 90 ಹಾಸಿಗೆ ತುಂಬಿರುತ್ತವೆ ಅಂತ ಖಾತ್ರಿ ಕೊಡಿ. ಓದಿದಾಗ ನನಗೂ ಮೈ ಉರಿದಿತ್ತು. ಆದರೆ ಹೆಚ್ಚಿನ ದುಡ್ಡಿರುವುದು ಸರ್ಕಾರಿ ಜೈಲಿನ ಒಳಗೇ. ಸರ್ಕಾರಿ ಹಾಸ್ಟೆಲ್ ಗೊತ್ತಲ್ಲ, ಕಟ್ಟಡ ಸರ್ಕಾರದ್ದು, ಅಕ್ಕಿ ಬೇಳೆಯ ಟೆಂಡರ್ ಇನ್ಯಾರದ್ದೋ. ಹಾಗೆಯೇ ಇಲ್ಲೂ ಊಟ, ಔಷಧಿ, ಒಳಗಿನ ಅಂಗಡಿ, ಫೋನು, ಎಷ್ಟೋ ಕಡೆ ಗುತ್ತಿಗೆ. ಫೋನ್ ಕಂಪನಿ ಜೈಲಿಗೆ ಕಮಿಷನ್ ಕೊಡುತ್ತಿತ್ತು. ಆ ಕಮಿಷನ್ ಸೇರಿಸಿ ದರ ಏರುತ್ತಿತ್ತು. ಬಿಲ್ ಕಟ್ಟುವುದು ಹೊರಗಿರುವ ಅಮ್ಮ, ಅಜ್ಜಿ, ಹೆಂಡತಿ. ವಾಷಿಂಗ್ಟನ್‌ನ ಮಾರ್ಥಾ ರೈಟ್ ಅಂಥ ಒಬ್ಬ ಅಜ್ಜಿ. ಕಣ್ಣು ಕಾಣುತ್ತಿರಲಿಲ್ಲ, ಮೊಮ್ಮಗನ ಪತ್ರ ಓದುವಂತಿಲ್ಲ, ಫೋನೇ ಗತಿ. 2000ರಲ್ಲಿ ಕೋರ್ಟಿಗೆ ಹೋದರು. ದರಕ್ಕೆ ಮಿತಿ ಹಾಕಲು ದಾರಿ ಮಾಡಿದ, ಅವರದೇ ಹೆಸರಿನ ಕಾಯ್ದೆಗೆ ಸಹಿ ಬಿದ್ದದ್ದು 2023ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಎಂಟು ವರ್ಷವಾಗುತ್ತಾ ಬಂದಿತ್ತು.

ಇಷ್ಟು ಹೇಳಿದ ಮೇಲೆ, ನೀವು ಯಾರೂ ಕೇಳದ ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಜನಗಣತಿಯಲ್ಲಿ ಈ ಕೈದಿಗಳನ್ನು ಯಾವ ಊರಿನವರು ಅಂತ ಎಣಿಸುತ್ತಾರೆ? ಅವರ ಊರಿನಲ್ಲಲ್ಲ, ಜೈಲಿರುವ ಊರಿನಲ್ಲಿ. ಎಷ್ಟೋ ಜೈಲುಗಳಿರುವುದು ದೂರದ, ಬಿಳಿಯರೇ ಹೆಚ್ಚಿರುವ ಸಣ್ಣ ಊರುಗಳಲ್ಲಿ. ಮೇನ್, ವರ್ಮಾಂಟ್ ಬಿಟ್ಟರೆ ಯಾವ ರಾಜ್ಯದಲ್ಲೂ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿರುವವರಿಗೆಲ್ಲ ಮತ ಹಾಕುವ ಹಕ್ಕಿಲ್ಲ. ಅಂದರೆ ಎಷ್ಟೋ ಕಡೆ ವಾರ್ಡು, ಕ್ಷೇತ್ರ ಹಂಚುವಾಗ ತಲೆ ಲೆಕ್ಕಕ್ಕೆ ಉಂಟು, ಮತಕ್ಕೆ ಇಲ್ಲ. ಅಯೋವಾದ ಅನಮೋಸ ಅನ್ನುವ ಊರಿನಲ್ಲಿ ಒಂದು ವಾರ್ಡಿನ ಬಹುತೇಕ 'ನಿವಾಸಿಗಳು' ಅಲ್ಲಿನ ಸರ್ಕಾರಿ ಜೈಲಿನ ಕೈದಿಗಳೇ ಆಗಿದ್ದರು, ಸುಮಾರು 1,300 ಮಂದಿ. 2005ರಲ್ಲಿ ಆ ವಾರ್ಡಿನ ಚುನಾವಣೆಗೆ ಯಾರೂ ನಿಲ್ಲಲಿಲ್ಲ. ಮತಪತ್ರದಲ್ಲಿ ಇಲ್ಲದ ಹೆಸರನ್ನು ಮತದಾರರೇ ಬರೆದು ಹಾಕಬಹುದು ಅಲ್ಲಿ; ಹಾಗೆ ಗೆದ್ದವನಿಗೆ ಬಿದ್ದದ್ದು ಎರಡು ಮತ. ಒಂದು ಅವನ ಹೆಂಡತಿಯದು, ಇನ್ನೊಂದು ಪಕ್ಕದ ಮನೆಯವರದು.