ಚಾರಣಕ್ಕೆ ಒಯ್ಯೋ ರೈಫಲ್ ಎಷ್ಟು ಹಗುರ ಇದ್ರೆ ಸಾಕು?

ಪ್ರಶ್ನೆ: ಬೆಟ್ಟ ಕಾಡು ಅಂತ ಎರಡು ಮೂರು ದಿನ ನಡೆಯುವಾಗ ಜೊತೆಗಿಟ್ಕೊಳ್ಳೋಕೆ ಒಂದು ಹಗುರವಾದ ರೈಫಲ್ ಬೇಕು. ಲೈಸೆನ್ಸ್ ಇದೆ. ಎರಡು ಕೆಜಿ ಒಳಗೆ ಹುಡುಕ್ತಿದೀನಿ, ಯಾವ್ದು ತಗೊಳ್ಳಲಿ?

ಉತ್ತರ: ಈ ಪ್ರಶ್ನೆ ಕೇಳೋರೆಲ್ಲಾ ಕೆಜಿ ಲೆಕ್ಕದಿಂದಲೇ ಶುರು ಮಾಡ್ತಾರೆ, ಯಾತಕ್ಕೆ ಬೇಕು ಅನ್ನೋದನ್ನ ಹೇಳೋದೇ ಇಲ್ಲ. ಮೊಲ, ಹಕ್ಕಿ ಥರ ಸಣ್ಣ ಬೇಟೆಗಾ, ಜಿಂಕೆಯಂಥ ದೊಡ್ಡದಕ್ಕಾ, ಇಲ್ಲ ಕರಡಿ ಭಯಕ್ಕಾ? ಮೂರಕ್ಕೂ ಉತ್ತರ ಬೇರೆ ಬೇರೆ.

ಸಣ್ಣ ಬೇಟೆಗೆ ಅಂದ್ರೆ .22 (ಸುಮಾರು 0.22 ಇಂಚು ದಪ್ಪದ ಸಣ್ಣ ಗುಂಡಿನ ರೈಫಲ್) ಸಾಕು, ಯೋಚನೆನೇ ಬೇಡ. ರೈಫಲ್ಲೂ ಹಗುರ, ಅದಕ್ಕಿಂತ ಹೆಚ್ಚಾಗಿ ಗುಂಡು ಹಗುರ. ಒಂದು .22 ಕಾರ್ಟ್ರಿಜ್ ಸುಮಾರು 3.4 ಗ್ರಾಂ ತೂಗತ್ತೆ, ಐವತ್ತರ ಡಬ್ಬಿ ಜೇಬಲ್ಲಿದ್ರೂ ಗೊತ್ತಾಗಲ್ಲ, ಅದೇ ದೊಡ್ಡ ಬೇಟೆಯ .308 ಆದ್ರೆ ಒಂದೊಂದೂ ಹತ್ತಿರ ಹತ್ತಿರ 25 ಗ್ರಾಂ, ಇಪ್ಪತ್ತು ತಗೊಂಡ್ರೆ ಅರ್ಧ ಕೆಜಿ ಆಯ್ತು. ರೂಗರ್ 10/22 ಅನ್ನೋದು 1964ರಿಂದ ಇದೆ, ತೂಕ 2.3 ಕೆಜಿ ಆಸುಪಾಸು, ಹತ್ತು ಗುಂಡಿನ ಮ್ಯಾಗಜೀನ್ ದುಂಡಗಿದ್ದು ಸ್ಟಾಕ್ (ಕೈಲಿ ಹಿಡಿದು ಹೆಗಲಿಗೆ ಆನಿಸೋ ಭಾಗ) ಒಳಗೇ ಕೂತ್ಬಿಡತ್ತೆ, ಕೆಳಗೆ ಏನೂ ಚಾಚಲ್ಲ, ನಡೆಯೋರಿಗೆ ಇದೊಂದು ದೊಡ್ಡ ಸುಖ. ಎರಡು ತುಂಡಾಗಿ ಬಿಚ್ಚಿ ಬ್ಯಾಗಿಗೆ ಹಾಕೋ ಟೇಕ್‌ಡೌನ್ ಮಾಡೆಲ್ಲೂ 2012ರಲ್ಲಿ ಬಂತು.

ಎರಡು ಕೆಜಿ ಒಳಗೇ ಬೇಕು ಅಂತ ಹಟ ಹಿಡಿದ್ರೆ ಎಆರ್-7 ಅನ್ನೋ .22 ರೈಫಲ್ ಇದೆ. ಹೆಸರಾಂತ ಎಆರ್-15 ರೈಫಲ್ ವಿನ್ಯಾಸ ಮಾಡಿದ ಯೂಜೀನ್ ಸ್ಟೋನರ್ ಅವರೇ 1950ರ ದಶಕದ ಕೊನೆಯಲ್ಲಿ ಮಾಡಿದ್ದು, ಈಗ ಹೆನ್ರಿ ಕಂಪನಿ ತಯಾರಿಸತ್ತೆ. ಬರೀ 1.6 ಕೆಜಿ. ಬ್ಯಾರಲ್ (ನಳಿಗೆ), ಆಕ್ಷನ್ (ಗುಂಡು ತುಂಬಿ ಹೊಡೆಯೋ ಯಂತ್ರಭಾಗ), ಮ್ಯಾಗಜೀನ್ ಎಲ್ಲಾ ಟೊಳ್ಳಾಗಿರೋ ಸ್ಟಾಕ್ ಒಳಗೇ ಹೋಗತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಮೊಲ ಕಂಡಾಗ ಹಿಂದಿನ ಮುಚ್ಚಳ ತೆಗೆದು, ಒಂದೊಂದೇ ತುಂಡು ಹೊರಗೆಳೆದು, ಸ್ಕ್ರೂ ತಿರುಗಿಸಿ ಆಕ್ಷನ್ ಕೂರಿಸಿ, ಬ್ಯಾರಲ್ಲಿನ ನಟ್ಟನ್ನ ಮರಗಟ್ಟಿದ ಬೆರಳಲ್ಲಿ ಬಿಗಿ ಮಾಡೋಷ್ಟರಲ್ಲಿ ಮೊಲ ಎಲ್ಲೋ ಹೋಗಿರತ್ತೆ. ಎಲ್ಲಾ ಥರದ ಗುಂಡೂ ಅದಕ್ಕೆ ಒಗ್ಗಲ್ಲ ಅನ್ನೋ ದೂರು ಬೇರೆ ಹಳೇದು. ಇದು ಆಪತ್ತಿಗೆ ಅಂತ ಬ್ಯಾಗಿನ ತಳದಲ್ಲಿ ಬಿದ್ದಿರಬೇಕಾದ ರೈಫಲ್, ದಿನಾ ಬಳಸೋದಲ್ಲ.

ದೊಡ್ಡ ಬೇಟೆ ಅಂತ ಬಂದಾಗ ವಿಷಯ ಸ್ವಲ್ಪ ಸಿಕ್ಕಾಗತ್ತೆ. ಕ್ಯಾಟಲಾಗಲ್ಲಿ ಹಾಕೋ ತೂಕ ಬರೀ ರೈಫಲ್ಲಿಂದು. ಸ್ಕೋಪ್ (ಗುರಿ ನೋಡೋ ದುರ್ಬೀನು) ಮತ್ತೆ ಅದನ್ನ ಕೂರಿಸೋ ರಿಂಗ್ ಸೇರಿ ಸುಲಭವಾಗಿ ಅರ್ಧ ಕೆಜಿ, ಆಮೇಲೆ ಹೆಗಲಿಗೆ ಹಾಕೋ ಪಟ್ಟಿ, ಗುಂಡು. ಅಂಗಡೀಲಿ 2.2 ಕೆಜಿ ಅಂತ ಖುಷಿಯಾಗಿ ತಂದಿದ್ದು ಹೆಗಲ ಮೇಲೆ ಮೂರು ಆಗಿರತ್ತೆ. ಹಾಗಂತ ಇನ್ನೂ ಹಗುರ ಮಾಡ್ತಾ ಹೋದ್ರೂ ಕಷ್ಟ, ಯಾಕಂದ್ರೆ ರೈಫಲ್ ಹಗುರ ಆದಷ್ಟೂ ಅದು ಹೆಗಲಿಗೆ ಒದೆಯೋದು ಜಾಸ್ತಿ. ಅದೇ ಗುಂಡನ್ನ ಮೂರೂವರೆ ಕೆಜಿ ಬದಲು ಎರಡೂವರೆ ಕೆಜಿ ರೈಫಲ್ಲಿಂದ ಹೊಡೆದ್ರೆ ಒದೆತದ ಶಕ್ತಿ ಶೇ. 40ರಷ್ಟು ಏರತ್ತೆ. ಇದು ಬರೀ ಹೆಗಲು ನೋವಿನ ಮಾತಲ್ಲ, ಒದೆತಕ್ಕೆ ಹೆದರಿದೋರು ಟ್ರಿಗರ್ ಎಳೆಯೋ ಮುಂಚೆನೇ ಮೈ ಬಿಗಿ ಹಿಡೀತಾರೆ, ಕಣ್ಣು ಮುಚ್ತಾರೆ, ಗುರಿ ತಪ್ಪತ್ತೆ. ಬ್ಯಾರಲ್ ಮೂತಿಗೆ ಬ್ರೇಕ್ (ಗುಂಡಿನ ಹಿಂದೆ ಬರೋ ಗ್ಯಾಸನ್ನ ಪಕ್ಕಕ್ಕೆ ತಿರುಗಿಸೋ ತುಂಡು) ಹಾಕಿಸಿದ್ರೆ ಒದೆತ ಇಳಿಯತ್ತೆ ನಿಜ, ಆದ್ರೆ ಸದ್ದಿಗೆ ಕಿವಿ ಹೋಗತ್ತೆ. ಇನ್ನು ಬೆಟ್ಟ ಹತ್ತಿ ಏದುಸಿರು ಬಿಡ್ತಾ ನಿಂತು ಗುರಿ ಹಿಡಿದಾಗ ಹಗುರ ರೈಫಲ್ ತುದಿ ಎಷ್ಟು ಓಲಾಡತ್ತೆ ಅಂತ ನೋಡಿದ್ರೆ, ಸ್ವಲ್ಪ ತೂಕ ಇದ್ದಿದ್ರೇ ಚೆನ್ನಾಗಿತ್ತು ಅನ್ಸತ್ತೆ. ತೆಳು ಬ್ಯಾರಲ್ ಬೇರೆ ಬೇಗ ಬಿಸಿ ಆಗತ್ತೆ, ನಾಲ್ಕೈದು ಹೊಡೆದ್ಮೇಲೆ ಗುಂಡು ಚೆದುರೋಕೆ ಶುರು, ಬೇಟೆಗೆ ಒಂದೆರಡು ಗುಂಡು ಸಾಕಾಗೋದ್ರಿಂದ ಇದನ್ನ ನಾನು ದೊಡ್ಡ ದೋಷ ಅನ್ನಲ್ಲ.

ಅಮೆರಿಕದ ಬಂದೂಕು ತಜ್ಞ ಜೆಫ್ ಕೂಪರ್ ಹೊತ್ತು ನಡೆಯೋಕೆ ಅಂತ ಕಲ್ಪಿಸಿದ ಸ್ಕೌಟ್ ರೈಫಲ್ಲಿಗೆ ಹಾಕಿದ್ದ ಅಳತೆ ಉದ್ದ ಒಂದು ಮೀಟರ್ ಒಳಗೆ, ಸ್ಕೋಪ್ ಪಟ್ಟಿ ಸೇರಿ ತೂಕ ಮೂರು ಕೆಜಿ ಸುಮಾರಿಗೆ. ನನಗೂ ಅದೇ ಸರಿ ಅನ್ಸತ್ತೆ. ಸ್ಕೋಪ್ ಸೇರಿ ಮೂರು, ಮೂರೂಕಾಲು ಕೆಜಿ ಒಳಗೆ .308 ಅಥವಾ ಅದಕ್ಕಿಂತ ಮೆದುವಾಗಿ ಒದೆಯೋ 7ಎಂಎಂ-08 ಗುಂಡಿನ ರೈಫಲ್ ತಗೊಳ್ಳಿ, ತೂಕ ಅದಕ್ಕೂ ಕೆಳಗಿಳಿಬೇಕು ಅಂದ್ರೆ ರೈಫಲ್ಲಲ್ಲಿ ಬೇಡ, ಟೆಂಟು, ಬ್ಯಾಗಿನ ತೂಕ ಇಳಿಸಿ.

ಕರಡಿ ಭಯಕ್ಕೆ ಅಂದ್ರೆ ಮೊದಲು ಕರಡಿ ಓಡಿಸೋ ಖಾರದ ಸ್ಪ್ರೇ ನೋಡಿ. ಅಲಾಸ್ಕಾದಲ್ಲಿ ನಡೆದ ಘಟನೆಗಳನ್ನ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತೆ ಜೊತೆಯವರು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ್ರು, ಕಂದು ಕರಡಿ ಮೇಲೆ ಸ್ಪ್ರೇ ಹೊಡೆದಾಗ ಶೇ. 92ರಷ್ಟು ಸಲ ಅದರ ಉಪಟಳ ನಿಂತಿತ್ತು. ಡಬ್ಬಿ ಅರ್ಧ ಕೆಜಿನೂ ಇಲ್ಲ, ಸೊಂಟದಲ್ಲೇ ಇರತ್ತೆ. ನಾರ್ವೆಯ ಸ್ವಾಲ್‌ಬಾರ್ಡ್‌ನಂಥ ಹಿಮಕರಡಿ ಜಾಗದ ಕತೆ ಬೇರೆ, ಅಲ್ಲಿ ಊರು ದಾಟಿದ್ರೆ ಕರಡಿ ಓಡಿಸೋ ಸಾಧನ ಇರಲೇಬೇಕು, ಅಲ್ಲಿಗೆ .22 ತಗೊಂಡು ಹೋಗೋದು ಹುಚ್ಚುತನ. ಅಮೆರಿಕದ ನ್ಯಾಷನಲ್ ಪಾರ್ಕುಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನಿನ ಪ್ರಕಾರ ಬಂದೂಕು ಇಟ್ಕೊಳ್ಳಬಹುದು, ಹೊಡೆಯೋದು ಮಾತ್ರ ಸಾಮಾನ್ಯವಾಗಿ ನಿಷಿದ್ಧ. ಒಯ್ಯೋದಕ್ಕೊಂದು ನಿಯಮ, ಹೊಡೆಯೋದಕ್ಕೊಂದು, ಹೋಗೋ ಜಾಗದ್ದು ಎರಡೂ ಓದ್ಕೊಳ್ಳಿ.

ಕೊಳ್ಳೋ ಮುಂಚೆ ತುಂಬಿದ ಬ್ಯಾಗ್ ಬೆನ್ನಿಗೆ ಹಾಕ್ಕೊಂಡೇ ರೈಫಲ್ ಹೆಗಲಿಗೇರಿಸಿ ನೋಡಿ, ಬ್ಯಾಗಿನ ಪಟ್ಟಿ ಮೇಲೆ ರೈಫಲ್ ಪಟ್ಟಿ ನಿಲ್ಲಲ್ಲ, ಹತ್ತು ಹೆಜ್ಜೆಗೊಮ್ಮೆ ಜಾರತ್ತೆ, ಬಹಳ ಜನ ಬೈಯ್ಕೊಳ್ಳೋದು ತೂಕಕ್ಕಲ್ಲ, ಇದಕ್ಕೆ. ಬ್ಯಾಗಿನ ಪಟ್ಟಿಗೇ ಸಿಕ್ಕಿಸೋ ಹೋಲ್ಡರ್ ಬರತ್ತೆ, ತಗೊಳ್ಳಿ. ನಡೆಯುವಾಗ ಚೇಂಬರ್ (ಹೊಡೆಯೋಕೆ ಸಿದ್ಧವಾಗಿ ಗುಂಡು ಕೂರೋ ಜಾಗ) ಖಾಲಿ ಇರಲಿ. ಮಳೆ, ಮಣ್ಣು, ಹಿಮ ಒಳಗೆ ಹೋಗ್ದೇ ಇರೋಕೆ ಬ್ಯಾರಲ್ ಬಾಯಿಗೆ ಒಂದು ಪದರ ಇನ್ಸುಲೇಷನ್ ಟೇಪ್ ಅಂಟಿಸಿದ್ರೆ ಸಾಕು, ಗುಂಡಿಗಿಂತ ಮುಂದೆ ನುಗ್ಗೋ ಗಾಳಿನೇ ಅದನ್ನ ಕಿತ್ತು ಹಾಕತ್ತೆ, ಆದ್ರೆ ಆಗ್ಲೇ ಮಣ್ಣು ಹೊಕ್ಕಿದ್ರೆ ಮಾತ್ರ ಗುಂಡೆಲ್ಲಾ ತೆಗೆದು ಕ್ಲೀನ್ ಮಾಡದೆ ಹೊಡೀಬೇಡಿ, ಬ್ಯಾರಲ್ ಸಿಡಿಯತ್ತೆ.